ಹಾಸು

ಮೊದಲ ಅಲ್ಲಿ ಒಂದು ಜಲಪಾತ ಬರೀಬೇಕಂತಿತ್ತು.
ಗದಗ ದವಾಖಾನಿ, ಡಯಾಲಿಸಿಸ್ ವಾರ್ಡು,
ನಮ್ಮ ಏಳು ಕಾಟಿನ ಎದುರಿನ ಗ್ವಾಡಿ.
ದೊಡ್ಡ ಡಾಕ್ಟರ್ರು ಎಲ್ಲೋ ಓದಿದ್ರಂತ:
ಚಿತ್ರ ನೋಡಿಕೋಂತ ಮಲಗಿದವರಿಗೆ ಬಿ.ಪಿ. ಇಳೀತೈತಿ,
ನೋವಿನ ಗುಳಿಗಿ ಒಂದು ಕಮ್ಮಿ ಸಾಕು.

ಬಂದಾಂವ ಮಕ್ತುಮ ಪೇಂಟರ್.
ಮುಳಗುಂದ ನಾಕಾದಾಗ ಒಂದು ಕಾಲಕ್ಕ
ಅಂಗಡಿ ಬೋರ್ಡೆಲ್ಲ ಇವನ ಕೈಯಾನವು.
ಫ್ಲೆಕ್ಸ್ ಬಂತು, ಕುಂಚ ಡಬ್ಬಿಯೊಳಗ ಒಣಗಿ ಕಟಿಗಿ ಆತು.
ಈಗ ಲಾರಿ ಹಿಂದ ಬರೀತಾನ,
ಅಕ್ಷರ ಒಂದಕ್ಕ ಹತ್ತು ರೂಪಾಯಿ.

ಎರಡು ದಿನದಾಗ ಗ್ವಾಡಿ ತುಂಬ ನೀರು.
ಮ್ಯಾಲಿಂದ ತೆಳಗ ಬೆಳ್ಳನ್ನ ನೀರು, ನೀಲಿ ನೀರು,
ಕಲ್ಲಿಗೆ ಬಡದು ಹಾರೂ ಹನಿ ಸುದ್ದಾ.

ನಮಗ ದಿನಕ್ಕ ಮೂರು ಲೋಟ.
ಗುಳಿಗಿ ನುಂಗೂದು, ಚಾ, ಸಾರು, ಎಲ್ಲಾ ಅದರಾಗ ಹಿಡದು.
ಕಂಡಕ್ಟರ್ ತಿರಕಪ್ಪ ಬರ್ಫದ ತುಣುಕು ಬಾಯಾಗ ಇಟ್ಕೊಂಡು
ಗ್ವಾಡಿ ನೋಡಿದ. ನೋಡೇ ನೋಡಿದ.
"ಏ ಮಕ್ತುಮಾ, ಉಪವಾಸ ಇದ್ದಾವನ ಮುಂದ
ಹೋಳಿಗಿ ಊಟಾ ಬಡಸ್ತಿಯೇನೋ" ಅಂದ.
ರೋಣದ ಅಕ್ಕೋರು ಮಾರಿ ಆ ಕಡೆ ತಿರುವಿದ್ರು.
ತಿರುವಿದರ ಎಷ್ಟು ತಿರುವ್ಯಾರು? ಸೂಜಿ ಚುಚ್ಚಿದ ಕೈ ಅಲ್ಲೇ.

ಮಕ್ತುಮ ಸುಮ್ಮನ ನಿಂತ.
ಆಮ್ಯಾಲೆ ಚಪ್ಪಲಿ ಬಿಟ್ಟು, ಖಾಲಿ ಇದ್ದ ಐದನೇ ಕಾಟಿನ ಮ್ಯಾಲ
ಮಕ್ಕೊಂಡ. ಎಡಗೈ ಚಾಚಿ, ನಮ್ಮಂಗ.
ಟೆಕ್ನಿಶಿಯನ್ ಫಕ್ಕೀರೇಶ ಬೈದರೂ ಒಂದು ತಾಸು ಏಳಲಿಲ್ಲ.
"ರೋಜಾದಾಗ ಮೂರು ಸಂಜಿ ಹೊತ್ತಿನ ಬಾಯಿ ನನಗ ಗೊತ್ತೈತಿ ಅಕ್ಕಾ,
ಆದರ ನಿಮಗ ಸಂಜಿ ಆಗೂದಿಲ್ಲ ಅನ್ನೂದು ಮರತಿದ್ದೆ."

ನಾ ಬೆಟಗೇರಿಯಾಕಿ.
ಮೂವತ್ತು ವರ್ಷ ಕುಣಿಮಗ್ಗದಾಗ ಕಾಲು ಇಳಿಬಿಟ್ಟಾಕಿ.
ನಾ ಹೇಳಿದ್ದು ಇಷ್ಟ:
"ಆ ಕಲ್ಲು, ಹನಿ ಅಳಸು.
ಬಿಳೀ ಗೀಟು ಹಂಗ ಇರಲಿ.
ಅದು ನೀರಲ್ಲ, ಹಾಸು."

ಅಂವ ನಕ್ಕ. ಸಣ್ಣ ಕುಂಚ ತಂದ.
ನೀರು ಎಳಿ ಎಳಿಯಾಗಿ ಬಿಡಿಸಿದ,
ಮ್ಯಾಲ ಒಂದು ಕಟಿಗಿ, ತೆಳಗ ಒಂದು ಕಟಿಗಿ.
ನಾಕು ಸಲ ತಪ್ಪಿದ. "ಎಳಿ ಬಿಗಿ ಇರಬೇಕೋ ಮಾರಾಯಾ,
ಜೋತು ಬಿದ್ದರ ಅದು ಮತ್ತ ನೀರಾಗತೈತಿ" ಅಂತ ಬೈದೆ.
ಬೈಯೋವಾಗ ಮಶೀನು ಕೂಗಿತು. ಬಿ.ಪಿ. ಏರಿತ್ತು.

ಹೊಕ್ಕು ಮಾತ್ರ ಅಂವ ಬರೀಲಿಲ್ಲ.
"ಅದು ನಿಮ್ಮ ಕೆಲಸ" ಅಂತ
ಏಳು ಡಬ್ಬಿ, ಏಳು ಕುಂಚ ಇಟ್ಟು ಹೋದ.
ನಾಕು ತಾಸು ಮುಗಿದು, ಸೂಜಿ ತಗದು, ಹತ್ತಿ ಒತ್ತಿ ಹಿಡದು,
ತಲಿ ತಿರುಗೂದು ನಿಂತ ಮ್ಯಾಲ
ಒಬ್ಬೊಬ್ಬರು ಒಂದೊಂದು ಗೀಟು.
ಅಕ್ಕೋರದು ಪಟ್ಟಿ ಹಿಡದಂಗ ನೆಟ್ಟಗ.
ತಿರಕಪ್ಪಂದು ಸೊಟ್ಟ: "ಗಜೇಂದ್ರಗಡ ರೋಡಿನಂಗೈತಿ ನೋಡ್ರಿ."
ಬಣ್ಣಕ್ಕ ಜಗಳ.
ಈ ವಾರ್ಡಿನಾಗ ಕ್ರಿಯಾಟಿನಿನ್ ಬಿಟ್ಟು ಬ್ಯಾರೆ ಮಾತು ಹುಟ್ಟಿದ್ದು ಅವತ್ತ.

ಯಾರಿಗಾದರೂ ಬ್ಯಾನಿ ಕಮ್ಮಿ ಆತೇನು? ನಾ ಕಾಣೆ.
ಡಾಕ್ಟರ್ರು ಒಂದು ಕಾಗದ ತಂದಿದ್ರು,
ಒಂದರಿಂದ ಹತ್ತರೊಳಗ ನಂಬರ್ ಹೇಳಂದ್ರು.
"ಮೂವತ್ತೆಂಟು" ಅಂದೆ.
ಅವತ್ತಿಗೆ ಅಷ್ಟು ಗೀಟು ಆಗಿದ್ದವು.

ಬುಧವಾರ ತಿರಕಪ್ಪ ಬರಲಿಲ್ಲ. ಶನಿವಾರನೂ.
ಅಂವನ ಕೆಂಪು ಗೀಟು ಅರ್ಧಕ್ಕ ನಿಂತೈತಿ,
ಬಣ್ಣ ತೀರಿತ್ತೋ, ಸುಸ್ತಾಗಿತ್ತೋ.
ಅವನ ಕಾಟಿಗೆ ಲಕ್ಕುಂಡಿಯ ಹುಡುಗ ಬಂದಾನ, ಹತ್ತೊಂಬತ್ತು ವರ್ಷ,
ಯಾರ ಕೂಡಾನೂ ಮಾತಿಲ್ಲ.
ಅರ್ಧ ಗೀಟು ನೋಡಿಕೋಂತ ಮಲಗತಾನ.
ಆ ಕುಂಚ ಒಣಗಿ ಕಟಿಗಿ ಆಗಬಾರದಂತ
ಇವತ್ತಿನ ನನ್ನ ಮೂರನೇ ಲೋಟದಾಗ ನೆನಸಿ ಇಟ್ಟೇನಿ.
ಹುಡುಗ ಅದನ್ನೂ ನೋಡತಾನ.