ಕೆಳರೆಪ್ಪೆ

ನೆರಳಿನಾಚೆ ನಲವತ್ತಾರು ಡಿಗ್ರಿ.
ರಾಸ್ ಅಲ್ ಖೈಮಾದಾಚೆ, ದಿಗ್ದಾಗದ ಕೊಟ್ಟಿಗೆಯಲ್ಲಿ
ನಾಲ್ಕು ಸಾವಿರದ ಹದಿನೇಳು ಎಂಬ ಹಸು
ಎಡಗಣ್ಣನ್ನು ಕಂಬಕ್ಕೆ ಉಜ್ಜುತ್ತಿದೆ.
ಕಿವಿಯ ಹಳದಿ ಬಿಲ್ಲೆಗಷ್ಟೇ ಅದು ಸಂಖ್ಯೆ.
ಜರ್‌ವಲಿಗೆ ಸ್ಪೀನಾ, ಅವನ ಪಷ್ತೋದಲ್ಲಿ ಬಿಳಿಯಳು.
ನಮ್ಮ ಔರಾದಿನವರಾದರೆ ಬೆಳ್ಳಿ ಅನ್ನುತ್ತಿದ್ದರು;
ಹೆಸರಿಟ್ಟ ಮೇಲೆ ಬೈಯುವುದೂ ಸುಲಭ.

ಮಸ್ಸಾ, ಬರೀ ಮಸ್ಸಾ, ಅನ್ನುತ್ತಾನೆ ಜರ್‌ವಲಿ.
ನಾವು ನರಹುಲಿ ಅನ್ನುವುದನ್ನು.
ಹೋದ ವರ್ಷ ಕಡಸುಗಳ ಕತ್ತಿನ ತುಂಬ
ಹೂಕೋಸಿನಂತೆ ಅರಳಿದ್ದವು. ನಾನೇನೂ ಮಾಡಲಿಲ್ಲ,
ಬೇರೆ ದೊಡ್ಡಿಗೆ ಕಟ್ಟಿಸಿದೆ, ಅಷ್ಟೆ.
ಆರು ತಿಂಗಳಿಗೆ ತಾವೇ ಉದುರಿದವು.
ಹೆಸರಲ್ಲಷ್ಟೇ ಹುಲಿ.
ಊರಲ್ಲಿ ಸೋದರತ್ತೆ ಎಮ್ಮೆಯ ಕೆಚ್ಚಲಿನ ನರಹುಲಿಗೆ
ಕುದುರೆಬಾಲದ ಕೂದಲು ಬಿಗಿದು
ಅಮಾವಾಸ್ಯೆಗೆ ಬೀಳುತ್ತೆ ನೋಡು ಅನ್ನುತ್ತಿದ್ದಳು.
ಬೀಳುತ್ತಿತ್ತು.
ಕೀರ್ತಿ ಅಮಾವಾಸ್ಯೆಗೆ.

ಆದರೆ ಇದು ಕೆಳರೆಪ್ಪೆಯ ಅಂಚು,
ಬಣ್ಣವಿರದ ತೆಳು ಗುಲಾಬಿ ಚರ್ಮ,
ಏಳು ಬೇಸಿಗೆಯ ಬಿಸಿಲು ಕುಡಿದ ಜಾಗ.
ಒರಟು. ಮುಟ್ಟಿದರೆ ರಕ್ತ, ಬಗ್ಗಿದರೆ ವಾಸನೆ.
ಹುಲಿಯಲ್ಲ, ಏಡಿ ಇರಬಹುದು.
ಏಡಿಗಂತಿ ಎಂದು ಮೊದಲು ಅಂದವರು
ಅದು ಅಡ್ಡಡ್ಡ ನಡೆಯುವುದನ್ನು ಕಂಡವರೇ ಸೈ.
ಇರಬಹುದು ಅನ್ನುವುದಕ್ಕೆ ಔಷಧಿ ಇಲ್ಲ;
ಅಕ್ಕಿಕಾಳಿನಷ್ಟು ಕೊಯ್ದು
ಫಾರ್ಮಾಲಿನ್ ಶೀಶೆಗೆ ಹಾಕಿದೆ.

ಎಂಟು ದಿನ.
ಗಾಜಿನ ಪಟ್ಟಿ ಬಂದ ಬೆಳಿಗ್ಗೆ ಯಜಮಾನನೇ ಬಂದ,
ಉಬೈದ್ ಬಿನ್ ಖಲ್ಫಾನ್,
ಬಿಳಿ ಕಂದೂರಕ್ಕೆ ಸಗಣಿ ತಾಗದಂತೆ ಎತ್ತಿ ಹಿಡಿದು.
ಸೂಕ್ಷ್ಮದರ್ಶಕದಡಿ ಅಲ್ಲಲ್ಲಿ
ಈರುಳ್ಳಿ ಹೆಚ್ಚಿದಂತೆ ಸುತ್ತಿನೊಳಗೆ ಸುತ್ತು.
ಬೀದರಿನ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ:
ಇದಕ್ಕೆ ಕೆರಟಿನ್ ಮುತ್ತು ಎಂದು ಹೆಸರು,
ಮುತ್ತು ಕಂಡರೆ ಅನುಮಾನ ಬಿಡು.
ನನ್ನ ಹರಕು ಅರಬ್ಬಿಯಲ್ಲಿ ಹೇಳಿದೆ: ಲೂಲೂ.

ಅವನು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.
ಅವನ ಅಜ್ಜ ಮೂಗಿಗೆ ಚಿಮಟಿ ಸಿಕ್ಕಿಸಿ, ಕಾಲಿಗೆ ಕಲ್ಲು ಕಟ್ಟಿ
ಈ ಕಡಲಿಗೆ ಇಳಿಯುತ್ತಿದ್ದವನಂತೆ;
ಕಿವಿ ಒಡೆದು ಕಿವುಡನಾಗಿ ಸತ್ತನಂತೆ.
"ಅವನೂ ಇದಕ್ಕೇ ಹೋದದ್ದು," ಅಂದ,
"ಚಿಪ್ಪಿಗಾದ ಗಾಯಕ್ಕೆ."

ಮೂಲೆಯಲ್ಲಿ ದ್ರವ ಸಾರಜನಕದ ಡಬ್ಬಿ.
ದಿನವೂ ಅದರಿಂದ ಹೋರಿಬೀಜದ ಕಡ್ಡಿ ತೆಗೆಯುತ್ತೇವೆ,
ಹಾಲೆಂಡಿನಿಂದ ಬಂದ, ಇನ್ನೂ ಹುಟ್ಟದ ಕರುಗಳನ್ನು.
ಇವತ್ತು ಅದೇ ಡಬ್ಬಿಯಿಂದ ಕೊಲ್ಲಬೇಕು.
ಕಿವಿಯ ಬುಡಕ್ಕೊಂದು ಸೂಜಿ, ಅಂಚಿಗೊಂದು;
ರೆಪ್ಪೆ ಸುಮ್ಮನಾಯಿತು.
ಕರಕ್ ಚಹಾದ ಥರ್ಮಾಕೋಲ್ ಲೋಟ ಕತ್ತರಿಸಿ
ವ್ಯಾಸಲೀನ್ ಸವರಿ ಕಣ್ಣುಗುಡ್ಡೆಗೆ ಗುರಾಣಿ ಇಟ್ಟೆ.
ಜರ್‌ವಲಿ ಹಗ್ಗ ಹಿಡಿದು ತುಟಿಯಲ್ಲೇ ಏನೋ ಓದುತ್ತಿದ್ದ.

ಹಿಮ.
ನಲವತ್ತಾರು ಡಿಗ್ರಿಯ ನಡುವೆ ಒಂದು ರೂಪಾಯಿಯಗಲ ಹಿಮ.
ಕರಗಲಿ ಅಂದೆ, ಅವಸರವಿಲ್ಲದೆ ಕರಗಲಿ.
ಮತ್ತೆ ಹಿಮ.
ಒಂದೇ ಸಲಕ್ಕೆ ಬಿಟ್ಟರೆ
ಏಡಿ ಒಂದು ಕಾಲು ಉಳಿಸಿಕೊಳ್ಳುತ್ತದೆ.

ಮೂರನೆಯ ವಾರ ಕಪ್ಪು ಹಕ್ಕಳೆ ಮೇವಿನ ತೊಟ್ಟಿಗೆ ಉದುರಿತು.
ರೆಪ್ಪೆಗೂದಲು ಹೋಯಿತು. ಅಂಚು ತುಸು ಸೊಟ್ಟ,
ತಡವಾಗಿ ಅರ್ಥವಾದ ಜೋಕಿಗೆ ಅರ್ಧ ನಕ್ಕ ಹಾಗೆ.

ಈಗ ತಿಂಗಳಿಗೊಮ್ಮೆ
ಅವಳ ಕಿವಿಯ ಕೆಳಗೆ, ದವಡೆಯ ಹಿಂದೆ
ಉಸಿರು ಬಿಗಿಹಿಡಿದು ಬೆರಳಿಳಿಸುತ್ತೇನೆ, ಗಂಟು ಹುಡುಕುತ್ತ.
ನೂರು ಚಿಪ್ಪು ಬಿಡಿಸಿ ನೂರೂ ಖಾಲಿಯಾದಾಗ
ಉಬೈದನ ಅಜ್ಜ ಕಡಲಿಗೆ ಉಗಿಯುತ್ತಿದ್ದನಂತೆ.
ನನಗೆ ಖಾಲಿಯೇ ಬೇಕು.

ಏನೂ ಇಲ್ಲ, ಅನ್ನುತ್ತೇನೆ.
ಜರ್‌ವಲಿ ರಿಜಿಸ್ಟರಿನಲ್ಲಿ ಸಂಖ್ಯೆ ಬಿಟ್ಟು
ಸ್ಪೀನಾ ಎಂದೇ ಬರೆಯುತ್ತಾನೆ, ಬಲದಿಂದ ಎಡಕ್ಕೆ.
ಹಸಿರು ನೆರಳುಬಲೆ ಮುನ್ನೂರು ಮೀಟರ್ ಬೇಕೆಂದು
ಮೂರು ಸಲ ಬರೆದುಕೊಟ್ಟಿದ್ದೇನೆ; ಇನ್ನೂ ಬಂದಿಲ್ಲ.
ಪಕ್ಕದ ಸಾಲಿನಲ್ಲಿ ಬಿಳಿಮುಖದ ಇನ್ನೊಂದು
ಕಂಬ ಹುಡುಕುತ್ತಿದೆ.