ಒಣತೂಕ

ರೆಸಿಫೆಯಲ್ಲಿ ಬೆಳಗಿನ ಐದೂಮುಕ್ಕಾಲು.
ಚಪ್ಪಲಿ ಕಳಚಿ ತಕ್ಕಡಿ ಹತ್ತುತ್ತಾಳೆ ಜುಸಿಲೇನೆ,
ಬಳೆಯನ್ನೂ ತೆಗೆದಿಡುತ್ತಾಳೆ.
ತೂಕ ಬರೆಯುವವಳು ನಾನು, ಹನ್ನೊಂದು ವರ್ಷದಿಂದ.

ಮೊದಲು ಹೀಗಿರಲಿಲ್ಲ.
ಒಣತೂಕ ಐವತ್ತೆರಡು ಎಂದರೆ ಐವತ್ತೆರಡೇ;
ಮೇಲಿನದೆಲ್ಲ ನೀರು, ಹಿಂಡಿ ಚೆಲ್ಲು.
ತಿಂಗಳು ತಪ್ಪುವುದು ಅವಳಿಗೆ ಹೊಸತಲ್ಲ,
ವಾಂತಿಯೂ ಹೊಸತಲ್ಲ,
ಹದಿನೈದು ವಾರ ಯಾರೂ ಎಣಿಸಿರಲಿಲ್ಲ.
ರಕ್ತ ಹೇಳಿದ್ದನ್ನು ಡಾಕ್ಟರು ನಂಬಲಿಲ್ಲ;
ಪರದೆಯ ಮೇಲೆ ಅದು ಕಾಲು ಝಾಡಿಸಿದಾಗ
ಕೋಣೆಯಲ್ಲಿ ಎಲ್ಲರೂ ಒಮ್ಮೆಗೇ ಮಾತಾಡಿದರು,
ಅವಳೊಬ್ಬಳನ್ನು ಬಿಟ್ಟು.

ಈಗ ವಾರಕ್ಕೆ ಆರು ದಿನ, ದಿನಕ್ಕೆ ಆರು ಗಂಟೆ.
ಭಾನುವಾರ ಮಾತ್ರ ತೋಳಿಗೆ ರಜೆ.
ಆರು ವರ್ಷ ಬೇಡ ಬೇಡ ಎಂದ ಬಾಯಲ್ಲೇ
ತಿನ್ನು ಎನ್ನುತ್ತೇನೆ: ಮೀನು, ಚೀಸು, ಬಾಳೆಹಣ್ಣು.
ಕದ್ದ ಮಾಲಿನಂತೆ ಹಿಡಿದು
ಸುತ್ತ ನೋಡಿ ಸುಲಿಯುತ್ತಾಳೆ.
ಬಯಕೆ ಏನೇ, ಎಂದು ಕೇಳಿದೆ ಒಮ್ಮೆ.
ನೀರು, ಎಂದಳು.
ಒಂದು ಜಗ್ ತುಂಬ, ನಿಲ್ಲಿಸದೆ, ಗಟಗಟ.

ಸೋಮವಾರ ಬಂದರೆ ಜಗಳ.
ಕಳೆದ ವಾರಕ್ಕಿಂತ ಒಂಬೈನೂರು ಗ್ರಾಂ ಹೆಚ್ಚು.
ಇದರಲ್ಲಿ ನೀರೆಷ್ಟು, ಮಗುವೆಷ್ಟು?
ಹೆಚ್ಚು ತೆಗೆದರೆ ಒಳಗಿನದಕ್ಕೆ ಉಸಿರು ಸಾಲದು,
ಕಡಿಮೆ ತೆಗೆದರೆ ಅವಳಿಗೆ.
ಯಂತ್ರಕ್ಕೆ ತಿಳಿಯುವುದು ಒಂದೇ ಅಂಕಿ.
ಡಾಕ್ಟರು ಕಣಕಾಲು ಒತ್ತಿ, ಗುಳಿ ಬಿತ್ತೇ ಎಂದು ನೋಡಿ,
ಮಗುವಿಗೆ ಮುನ್ನೂರು ಬಿಡೋಣ, ಎನ್ನುತ್ತಾರೆ.
ನಾನೂರು, ಎನ್ನುತ್ತಾಳೆ ಜುಸಿಲೇನೆ.
ಬೀಚಿನಲ್ಲಿ ಗೋಡಂಬಿ ಮಾರಿದವಳು,
ತಕ್ಕಡಿಯ ಜೊತೆ ಅವಳ ನೆಂಟಸ್ತಿಕೆ
ನನ್ನದಕ್ಕಿಂತ ಹಳೆಯದು.

ಮೂವತ್ಮೂರನೇ ವಾರ, ಯಂತ್ರ ಇನ್ನೂ ತಿರುಗುತ್ತಿದ್ದಾಗ
ಕುರ್ಚಿಯ ಕೆಳಗೆ ನೀರು ಹರಡಿತು.
ಕೊಳವೆ ಸಡಿಲವಾಯಿತೆಂದು ಬಗ್ಗಿ ಹುಡುಕಿದೆ ನಾನು.
ಅದು ನಿನ್ನ ಲೆಕ್ಕದ್ದಲ್ಲ ಬಿಡು, ಎಂದಳು.

ಹೆಣ್ಣು. ಒಂದು ಕಿಲೋ ಏಳುನೂರ ಹತ್ತು.
ಗಾಜಿನ ಪೆಟ್ಟಿಗೆಯ ಪಕ್ಕ ಇನ್ನೊಬ್ಬ ನರ್ಸು
ಡೈಪರ್ ತೂಗುತ್ತಿದ್ದಳು:
ಇಪ್ಪತ್ತೆರಡು ಗ್ರಾಂ, ಮತ್ತೆ ಇಪ್ಪತ್ತೆಂಟು.
ತಾಯಿಯ ರಕ್ತದ ಕಸವನ್ನೆಲ್ಲ ಹೊರಗೆ ಹಾಕುತ್ತಿದೆ,
ಮೊದಮೊದಲು ಹೀಗೇ, ಎಂದಳು.
ಗಾಲಿಕುರ್ಚಿಯಿಂದ ಕೈಚಾಚಿ ಜುಸಿಲೇನೆ
ಆ ಒದ್ದೆಯನ್ನು ಅಂಗೈಯಲ್ಲಿಟ್ಟು ತೂಗಿದಳು,
ಆರು ವರ್ಷ ಒಂದು ತೊಟ್ಟು ಉಚ್ಚೆ ಹೊಯ್ಯದವಳು.
ಬೆಚ್ಚಗಿದೆ, ಎಂದಳು.

ನಾಳೆ ಐದೂಮುಕ್ಕಾಲಿಗೆ ಮತ್ತೆ ಬರುತ್ತಾಳೆ.
ಅವಳ ಒಣತೂಕ ಎಷ್ಟೆಂದು ಬರೆಯಲಿ,
ಇನ್ನೂ ಯಾರೂ ಹೇಳಿಲ್ಲ.