ಕೆಳಗ ನೋಡು

ಮುರಗಾಂವ ಬಂದರಿನ ನನ್ನ ಕ್ರೇನಿಗೆ
ನೂರಾ ಹನ್ನೆರಡು ಮೆಟ್ಲ.
ಇಳಿಯಾಕ ಅಷ್ಟು, ಏರಾಕ ಮತ್ತ ಅಷ್ಟಽ.
ಅದಕ್ಕ ಕ್ರೇನ ನಡಸಾವ ಇಳಿಯೂದಿಲ್ಲ,
ಸೀಟಿನ ಹಿಂದ ಒಂದು ಬಾಟ್ಲಿ ಇಟ್ಟಿರ್ತಾನ.
ಇದನ್ನ ಯಾರೂ ಹೇಳೂದಿಲ್ಲ, ಎಲ್ಲಾರಿಗೂ ಗೊತ್ತೈತಿ.

ಹನ್ನೊಂದು ವರ್ಷ ನಾನೂ ಹಂಗಽ.
ಕೆಳಗ ಹಡಗ, ಹಡಗಿನ ಹೊಟ್ಟ್ಯಾಗ ಕಲ್ಲಿದ್ದಲಿ,
ಮ್ಯಾಲೆ ಗಾಜಿನ ಖೋಲ್ಯಾಗ ನಾನು, ಬಿಸಲು, ಬೀಡಿ.
ನೀರು ಕುಡದ್ರ ಉಚ್ಚಿ ಬರತೈತಿ ಅಂತ
ನೀರಽ ಕುಡೀತಿದ್ದಿಲ್ಲ.
ಮೇ ತಿಂಗಳಾಗ ಬಾಟ್ಲಿಯೊಳಗ
ಗಾಣದಿಂದ ಈಗಷ್ಟ ತಂದ ಕುಸಬಿ ಎಣ್ಣಿ.
ಮಳಿ ಹಿಡದ್ರ ತಿಳಿ.
ನನಗ ಅದು ಕ್ಯಾಲೆಂಡರ ಇದ್ದಂಗ ಇತ್ತು, ಅಷ್ಟಽ.

ಆ ಸೋಮವಾರ ಬಣ್ಣ ಬ್ಯಾರೆ.
ಮಾಂಸ ತೊಳದ ನೀರು.
ತಡಿ, ನಿನ್ನಿ ಕೈತಾನನ ಮನ್ಯಾಗ
ಸೋಲಕಡಿ ಕುಡದಿದ್ದೆ, ಎರಡು ಗ್ಲಾಸ.
ಅದಽ ಇರಬೇಕು.
ಮುಚ್ಚಳ ತಿರುವಿದೆ, ಕಲ್ಲಿದ್ದಲಿ ಎತ್ತಿದೆ.
ಮಂಗಳವಾರ ತಿಳಿ.
ನೋಡು, ನಾ ಹೇಳಲಿಲ್ಲೇನು?
ಒಂದು ತಿಂಗಳ ತಿಳಿ.

ಮತ್ತ ಕೆಂಪು.
ಆವತ್ತು ಶಾವಂತ್ರೆವ್ವ ಡಬ್ಬಿಗೆ
ಬೀಟರೂಟ ಪಲ್ಯಾ ಕಟ್ಟಿದ್ದಳು. ಆಕಿಗೆ ಬೈದೆ.

ಮೂರನೇ ಸಲ ಹೆಸರಿಡಾಕ ಏನೂ ಸಿಗಲಿಲ್ಲ.
ಜ್ವಾಳದ ರೊಟ್ಟಿ, ಮಡಕಿಕಾಳು, ಮಜ್ಜಿಗಿ.
ಇದರಾಗ ಕೆಂಪು ಎಲ್ಲಿಂದ ಬರಬೇಕು?
ನೋವಿದ್ದಿಲ್ಲ. ಉರಿ ಇದ್ದಿಲ್ಲ. ನನಗ ಮೋಸ ಮಾಡಿದ್ದಽ ಅದು.
ಹಲ್ಲ ನೋಯ್ದಿದ್ರ ಓಡತಿದ್ದೆ,
ನೋಯದ ರಗತಕ್ಕ ಯಾರು ರಜಾ ಕೇಳ್ತಾರ?

ಚಿಕಾಲಿಮದ ದವಾಖಾನ್ಯಾಗ ಡಾಕ್ಟರಬಾಯಿ
ಕೊಂಕಣಿಯೊಳಗ ಕೇಳಿದಳು, ಎಷ್ಟ ದಿನದಿಂದ.
ಮೊನ್ನಿಯಿಂದ, ಅಂದೆ ಹಿಂದಿಯೊಳಗ.
ಸುಳ್ಳು ಯಾವ ಭಾಷಾದಾಗ ಹೇಳಿದ್ರೂ ಒಂದಽ.
ಆಕಿ ಸೀಸೆ ಬೆಳಕಿಗೆ ಹಿಡದು
ನಾನು ದೂರದ ಹಡಗ ನೋಡೂ ಹಂಗ ನೋಡಿದಳು.
ಬೀಡಿ ಎಷ್ಟು ವರ್ಷ ಆತು?
ನಾನೇನು ಬೀಡಿ ಸುದ್ದಿ ತಗದಿದ್ದಿಲ್ಲ.
ಸೋಂಕು ಇರಬಹುದು, ಹಳ್ಳ ಇರಬಹುದು,
ಮತ್ತೊಂದೂ ಇರಬಹುದು, ಅಂದಳು.
ಆ ಮತ್ತೊಂದರ ಹೆಸರು ಹೇಳಲಿಲ್ಲ.
ಒಮ್ಮೆ ಕೆಂಪು ಕಂಡ್ರೂ ಬರಬೇಕಿತ್ತು ನೀನು.
ಬಾಂಬೋಳಿಗೆ ಚೀಟಿ ಬರದಳು.
ದುರ್ಬೀನ ಬಿಟ್ಟು ಒಳಗಿನ ಚೀಲ ನೋಡತಾರಂತ,
ಬರೂ ಗುರುವಾರ.

ಬಸ್ಸಿಳದು ಬಾಯ್ನಾಕ್ಕ ನಡಕೋತ ಹೊಂಟೆ.
ಗೋದಾಮಿನ ಉದ್ದ ಗ್ವಾಡಿಗೆ
ಶಿಲುಬಿ, ಗಣಪ್ಪ, ಕಾಬಾ, ಟೈಲ್ಸ ಹಚ್ಯಾರ,
ಇಲ್ಲಿ ಯಾರೂ ಹೊಯ್ಯಬಾರದು ಅಂತ.
ದೇವರು ಮುಗಿಯೂ ಜಾಗಾದಾಗ
ಎಂಟು ಮಂದಿ ಗಂಡಸರು ಸಾಲಾಗಿ ನಿಂತಿದ್ರು.
ಒಬ್ಬ ಆಕಾಶ ನೋಡತಾನ, ಒಬ್ಬ ಮೊಬೈಲ,
ಒಬ್ಬ ಗ್ವಾಡಿ ಮ್ಯಾಲಿನ ಇರಬಿ ಸಾಲು.
ಒಬ್ಬನೂ ಕೆಳಗ ನೋಡವಲ್ಲ.

ತುದಿಗೆ ನಿಂತಾವ ಕೈತಾನ.
ಕೆಳಗ ನೋಡೋ, ಅಂದೆ.
ಹುಚ್ಚ ಹಿಡದೈತೇನು ನಿನಗ, ಅಂತ ನಕ್ಕ.
ನೋಡೋ ಮಾರಾಯಾ.
ನೋಡಿದ.

ಹೊತ್ತ ಮುಳಗೂ ಟೈಮು,
ಸಮುದ್ರ, ತಗಡು, ಗ್ವಾಡಿ, ನಮ್ಮ ಮಾರಿ, ಎಲ್ಲಾ ಕೆಂಪಗ.
ಏನೂ ತಿಳಿಯವಲ್ಲದೋ, ಅಂದ.

ಮುಂಜಾನೆ ನೋಡು, ಅಂದೆ.